ಜಕ್ಕಲಿಯಲ್ಲಿ ಬಂದ ಬಾಳೆ ಎಣ್ಣೆಯ ವಾಸನೆ

ಇಂಥ ಮಾತು ಶುರುವಾದರೆ ನಾನು ಎದ್ದು ಹೋಗುವವಳು. ಸತ್ತವರು ಕನಸಿನಲ್ಲಿ ಬಂದು ಹೇಳಿದರು, ಆಗುವ ಮೊದಲೇ ಮನಸ್ಸಿಗೆ ಗೊತ್ತಾಯಿತು ಎಂದು ಯಾರಾದರೂ ತೆಗೆದರೆ ‘ನನಗೆ ಕೆಲಸವಿದೆ’ ಎಂದು ಚಪ್ಪಲಿ ಮೆಟ್ಟುತ್ತಿದ್ದೆ. ಈಗಲೂ ಅಂಥದ್ದನ್ನು ನಂಬುವವಳಲ್ಲ. ಹಾಗಾದರೆ ಇದನ್ನೇಕೆ ಬರೆಯುತ್ತೀ ಎಂದು ನೀವು ಕೇಳಬಹುದು. ಇದು ನನಗೇ ಆದದ್ದು, ಅದಕ್ಕೆ. ನಂಬುವುದು ಬಿಡುವುದು ನಿಮ್ಮದು.

ಗಜೇಂದ್ರಗಡದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಶರಬತ್ತು, ಐಸ್‌ಕ್ಯಾಂಡಿ, ಪೆಪ್ಪರ್‌ಮಿಂಟ್ ಮಾಡುವವರಿಗೆ ಬೇಕಾದ ಹಣ್ಣಿನ ಎಸೆನ್ಸ್ ಬೆರೆಸಿ ಬಾಟಲಿಗೆ ತುಂಬುತ್ತೇವೆ. ಬಾಳೆಹಣ್ಣಿನ ಎಸೆನ್ಸಿಗೆ ಮೂಲ ಐಸೊಅಮೈಲ್ ಅಸಿಟೇಟ್ ಎಂಬ ಬಣ್ಣವಿಲ್ಲದ ದ್ರವ. ನಾವು ಬಾಳೆ ಎಣ್ಣೆ ಎನ್ನುತ್ತೇವೆ. ಹನಿಯಷ್ಟು ಪಾಕಕ್ಕೆ ಬಿದ್ದರೆ ಮಕ್ಕಳು ಚಪ್ಪರಿಸುತ್ತಾರೆ. ಅದೇ ದ್ರವ ವಾರ್ನಿಶನ್ನೂ ಉಗುರುಬಣ್ಣವನ್ನೂ ಕರಗಿಸುತ್ತದೆ. ವಾಸನೆ ಹಣ್ಣಿನದಾದರೂ ಗುಣ ಹಣ್ಣಿನದಲ್ಲ. ನಮ್ಮ ಬೇಸಿಗೆಯ ಕಾವಿಗೇ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ದೂರದಲ್ಲೆಲ್ಲೋ ಒಂದು ಕಿಡಿ ತಾಗಿದರೂ ಬೆಂಕಿ ಅದೇ ದಾರಿಯಲ್ಲಿ ಹಿಂದಕ್ಕೆ ಓಡಿ ಬರುತ್ತದೆ. ಅದಕ್ಕೇ ನಮ್ಮಲ್ಲಿ ಒಲೆಯಿಲ್ಲ, ಊದಿನಕಡ್ಡಿಯಿಲ್ಲ. ಕಿಡಿ ಹುಟ್ಟದಂತೆ ಎಣ್ಣೆಯ ಡ್ರಮ್ಮಿನಿಂದ ನೆಲಕ್ಕಿಳಿದ ತಾಮ್ರದ ತಂತಿಯಿದೆ, ಮೂಲೆಯಲ್ಲಿ ಒಣಮರಳಿನ ಬಕೆಟ್ಟುಗಳಿವೆ.

ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂದು ಹೋದ ಮೇಲೆ ನನಗೆ ವಾಸನೆ ತಿಳಿಯುವುದು ಪೂರ್ತಿ ನಿಂತಿತು. ಒಗ್ಗರಣೆಯಿಲ್ಲ, ಮಲ್ಲಿಗೆಯಿಲ್ಲ, ಹೊತ್ತಿದ ಹಾಲಿನ ವಾಸನೆಯೂ ಇಲ್ಲ. ಮರಳಿ ಬಂದರೆ ಬಂದೀತು, ಇಲ್ಲವಾದರೆ ಇಲ್ಲ ಎಂದರು ದವಾಖಾನೆಯ ಡಾಕ್ಟರು. ನನ್ನ ಗಂಡ ತೀರಿಕೊಂಡಂದಿನಿಂದ ಆ ಶೆಡ್ಡಿನ ಮೇಲೆ ಕಣ್ಣಿಟ್ಟಿದ್ದ ಮೈದುನ ಒಂದು ಸಂಜೆ ಬಂದು ಕುಳಿತ.

“ವೈನಿ, ಮೂಗಿಲ್ದಾಕಿ ವಾಸನಿ ಧಂದೆ ಮಾಡ್ತಾಳಂದ್ರ ಮಂದಿ ನಗ್ತಾರ. ಬಂದ್ ಮಾಡ್ರಿ. ಗೋಡಾನ್ ಮಾಡೂಣು.”

“ನಗೂವ್ರು ನಗಲಿ,” ಎಂದೆ. “ಕೀಲಿ ನನ್ನ ಸೊಂಟದಾಗ ಐತಿ, ಅಲ್ಲೇ ಇರ್ತದ.”

ಶೆಡ್ ಶುರುವಾದಾಗಿನಿಂದ ನನ್ನ ಜೊತೆ ಇರುವ ಹಸೀನಾಳ ಮೂಗನ್ನು ನಂಬಿ ಕೆಲಸ ನಡೆಸಿದೆ. ಅಳತೆ ನನ್ನದು, ಮೂಸುವುದು ಅವಳದು. ಹೀಗೆ ಒಂದು ವರ್ಷದ ಮೇಲಾಯಿತು.

ಆ ಬೇಸಿಗೆಯಲ್ಲಿ, ಬಸ್ಸಿನಲ್ಲಿ ತಾಸಿನ ದಾರಿಯ ಜಕ್ಕಲಿಯಲ್ಲಿ, ಬಸುರಿಯಾಗಿದ್ದ ತಂಗಿಯ ಮಗಳ ಕುಬಸವಿತ್ತು. ಹಸೀನಾಳಿಗೂ ಅವಳ ಜೊತೆಗಾತಿ ಶಾಂತವ್ವನಿಗೂ ಬಾಟಲಿ ತುಂಬುವ ಕೆಲಸ ಒಪ್ಪಿಸಿ ಬಸ್ಸು ಹತ್ತಿದೆ. ಮಧ್ಯಾಹ್ನ ಉಡಿ ತುಂಬಿದ ಮೇಲೆ ಎಲ್ಲರ ಜೊತೆ ಊಟಕ್ಕೆ ಕುಳಿತೆ. ಹೋಳಿಗೆಯ ಮೇಲೆ ತುಪ್ಪ ಬಿದ್ದದ್ದು ಕಣ್ಣಿಗೆ ಕಂಡಿತು ಅಷ್ಟೇ. ಎರಡನೆಯ ತುತ್ತು ಎತ್ತಿದಾಗ ಬಾಳೆ ಎಣ್ಣೆಯ ವಾಸನೆ ಬಂತು.

ನವಿರಾಗಿ ಬರಲಿಲ್ಲ. ಮೂಗಿನ ಒಳಗೋಡೆ ಉರಿದು ಕಣ್ಣಲ್ಲಿ ನೀರು ತುಂಬಿತು. ಬಾಳೆಯ ವಾಸನೆ ಎಲ್ಲಿಂದ ಎಂದು ಪಕ್ಕದಲ್ಲಿ ಕುಳಿತ ತಂಗಿಯನ್ನು ಕೇಳಿದೆ. “ಬಾಳಿಹಣ್ಣ ಅಲ್ಲೇ ಬುಟ್ಟ್ಯಾಗ ಅದಾವಲ್ಲಕ್ಕ,” ಎಂದಳು. ಹೌದು, ಉಡಿಗೆ ತಂದ ಹಣ್ಣು ಅಲ್ಲೇ ಇತ್ತು. ಎದ್ದು ಹೋಗಿ ಒಂದನ್ನು ಸುಲಿದು ಮೂಗಿಗೆ ಹಿಡಿದೆ. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಆದರೆ ಆ ಉರಿ, ಡ್ರಮ್ಮಿನ ಬಾಯಿ ತೆರೆದಾಗ ಮುಖಕ್ಕೆ ಬಡಿಯುವಂಥ ಉರಿ, ಹಾಗೇ ಇತ್ತು.

ಹೊರಗೆ ಬಂದು ಹಸೀನಾಳಿಗೆ ಫೋನು ಮಾಡಿದೆ. ಶಾಂತವ್ವ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದಳಂತೆ. ಹಸೀನಾ ಆಗ ತಾನೇ ಕೈ ತೊಳೆಯಲು ಶೆಡ್ಡಿನ ಹೊರಗೆ ಬಂದಿದ್ದಳು.

“ವಾಸನಿ ಏನರ ಬರಾಕತ್ತೈತೇನ?”

“ಇಲ್ರಿ ಅಕ್ಕಾರ. ದಿನಾ ಇದ್ದಂಗ ಐತಿ.”

“ಬಾಗ್ಲಾ ತಗದೀಯೋ ಹಾಕೀಯೋ?”

“ಧೂಳ ಭಾಳ ಐತಂತ ಹಾಕೀನ್ರಿ.”

ಒಂದೇ ವಾಸನೆಯಲ್ಲಿ ಬಹಳ ಹೊತ್ತು ಕುಳಿತರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಇದು ನನಗೆ ಗೊತ್ತಿತ್ತು. “ಗಿಡದ ಕೆಳಗ ಒಂದೀಟು ನಿಂದ್ರು. ಆಮ್ಯಾಲ ಫೋನ್ ಅಲ್ಲೇ ಇಟ್ಟು ಹೋಗಿ, ಬಾಗ್ಲಾ ತಗದು ನೋಡು. ಸ್ವಿಚ್ ಮುಟ್ಟಬ್ಯಾಡ, ಹಾಕೂದೂ ಬ್ಯಾಡ, ಆರಸೂದೂ ಬ್ಯಾಡ,” ಎಂದೆ.

ಅವಳು ಮರಳಿ ಬಂದು ಫೋನು ಎತ್ತಿದಾಗ ಕೆಮ್ಮುತ್ತಿದ್ದಳು. “ಅಕ್ಕಾರ, ಡ್ರಮ್ಮಿನ ಹಿಂದ ಎಲ್ಲಾ ಹಸಿ ಆಗೇತ್ರಿ. ಗಟಾರದ ಕಡೆ ಹೊಂಟೈತಿ.”

ಆ ಗಟಾರ ಗೋಡೆಯ ಕೆಳಗಿನಿಂದ ಪಕ್ಕದ ಈರಣ್ಣನ ಶೆಡ್ಡಿಗೆ ಹೋಗುತ್ತದೆ. ಈರಣ್ಣ ಕಬ್ಬಿಣದ ಗೇಟುಗಳಿಗೆ ವೆಲ್ಡಿಂಗ್ ಮಾಡುವವನು.

“ಮೊದ್ಲ ಈರಣ್ಣಗ ಹೇಳು. ಓಡು,” ಎಂದೆ.

ಈರಣ್ಣ ಊಟ ಮುಗಿಸಿ ಆಗಷ್ಟೇ ಕೈಗವಸು ಹಾಕುತ್ತಿದ್ದನಂತೆ. ಗೊಣಗುತ್ತಲೇ ಕರೆಂಟಿನ ಮೇನ್ ಅನ್ನು ಹೊರಗಿನ ಕಂಬದಲ್ಲಿ ತೆಗೆದ, ಆಮೇಲೆ ಅವನೇ ಬಂದು ನಮ್ಮ ಶೆಡ್ಡಿನ ಕಿಟಕಿಗಳನ್ನೂ ತೆರೆದ. ನೀರು ಸುರಿಯಬೇಡಿ, ಅದು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ, ಮರಳು ಹಾಕಿ ಎಂದು ನಾನು ಫೋನಿನಲ್ಲಿ ಹೇಳುತ್ತಲೇ ಇದ್ದೆ. ಫೋನು ಹಿಡಿದು ಹೊರಗೆ ನಿಂತ ಶಾಂತವ್ವ ಅದನ್ನು ಕೂಗಿ ಒಳಗಿನವರಿಗೆ ಮುಟ್ಟಿಸುತ್ತಿದ್ದಳು. ಹೊಸ ಡ್ರಮ್ಮಿನ ನಲ್ಲಿಯ ಜೊತೆ ಬಂದ ವಾಷರ್ ರಬ್ಬರಿನದಾಗಿತ್ತು. ಬಾಳೆ ಎಣ್ಣೆಗೆ ರಬ್ಬರು ತಾಳುವುದಿಲ್ಲ. ಉಬ್ಬಿ, ಮೆತ್ತಗಾಗಿ, ದಾರಿ ಬಿಟ್ಟಿತ್ತು.

ನಾನು ಗಜೇಂದ್ರಗಡ ಮುಟ್ಟಿದಾಗ ಬಿಸಿಲು ಇಳಿದಿತ್ತು. ಓಣಿಯ ಜನ ಮೂಗಿಗೆ ಸೆರಗು, ಟವೆಲ್ಲು ಹಿಡಿದು ನಿಂತಿದ್ದರು. ದ್ರವ ಕುಡಿದ ಮರಳನ್ನು ಮುಚ್ಚಳದ ಡಬ್ಬಿಗೆ ತುಂಬಿ ಬಯಲಿಗೆ ಇಟ್ಟಿದ್ದರು. ನಾನು ಮುಚ್ಚಳ ತೆಗೆದು ಬಗ್ಗಿದೆ. ಹಸೀನಾ ನನ್ನ ಭುಜ ಹಿಡಿದು ಹಿಂದಕ್ಕೆಳೆದಳು. ಕಣ್ಣು ಉರಿಯಿತು. ವಾಸನೆ ಮಾತ್ರ ಒಂದಿಷ್ಟೂ ಬರಲಿಲ್ಲ.

ಅಂದಿನಿಂದ ನನಗೆ ತಿಳಿಹೇಳುವವರಿಗೆ ಬರವಿಲ್ಲ. ಹಾಳಾದ ನರ ಒಮ್ಮೊಮ್ಮೆ ಇಲ್ಲದ ವಾಸನೆ ಹುಟ್ಟಿಸುತ್ತದೆ, ಕಾಕತಾಳೀಯ ಎಂದರು ಡಾಕ್ಟರು. ಇರಬಹುದು. ಆದರೆ ವರ್ಷಕ್ಕೂ ಹೆಚ್ಚು ಕಾಲ ಸತ್ತು ಮಲಗಿದ್ದ ನರ ಆ ಹೊತ್ತಿಗೇ ಏಕೆ ಎದ್ದಿತು, ಲೋಕದ ಎಲ್ಲ ವಾಸನೆ ಬಿಟ್ಟು ಅದನ್ನೇ ಏಕೆ ಆರಿಸಿತು ಎಂದು ಕೇಳಿದರೆ ಅವರು ಮುಂದಿನ ರೋಗಿಯನ್ನು ಕರೆಯುತ್ತಾರೆ. ಮೈದುನನದು ಬೇರೆ ರಾಗ. “ದೇವಿ ಎಚ್ಚರಿಕಿ ಕೊಟ್ಟಾಳ ವೈನಿ. ಶಾಂತಿ ಮಾಡಿಸಿ ಬಂದ್ ಮಾಡ್ರಿ.”

“ಬಂದ್ ಮಾಡ್ಸೂ ಮನಸಿದ್ರ ಸುಡಾಕ ಬಿಡ್ತಿದ್ಲು,” ಎಂದೆ. ಶಾಂತಿ ಮಾಡಿಸಲಿಲ್ಲ. ನಲ್ಲಿಗಳ ವಾಷರ್ ಎಲ್ಲ ಬದಲಿಸಿದೆ, ಗಟಾರದ ಬಾಯಿಗೆ ಸಿಮೆಂಟ್ ಹಾಕಿಸಿದೆ, ಎಷ್ಟೇ ಧೂಳಿದ್ದರೂ ಬಾಗಿಲು ಹಾಕಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಶೆಡ್ ಇವತ್ತಿಗೂ ನಡೆಯುತ್ತಿದೆ. ನನ್ನ ಮೂಗು ಇವತ್ತಿಗೂ ಬಂದಿಲ್ಲ.

ಹಸೀನಾ ಒಮ್ಮೆ ಮಾತ್ರ ಕೇಳಿದಳು. “ಅಕ್ಕಾರ, ಅವತ್ತ ನಿಮಗ ಖರೇನ ವಾಸನಿ ಬಂತೇನ್ರಿ?”

“ಬಂತು.”

“ಅಷ್ಟು ದೂರ ಹ್ಯಾಂಗ ಬಂತ್ರಿ?”

“ಗೊತ್ತಿಲ್ಲ.”

ಅವಳು ತಲೆಯಾಡಿಸಿ ಬಾಟಲಿಗಳತ್ತ ತಿರುಗಿದಳು. ನಿಮಗೂ ನನ್ನ ಉತ್ತರ ಅಷ್ಟೇ. ಅದಕ್ಕೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ. ಅದರಿಂದ ಒಂದು ಮಾತನ್ನು ತೆಗೆಯಲು ಮಾತ್ರ, ಯಾರು ಬಂದು ಹೇಳಿದರೂ, ನಾನು ತಯಾರಿಲ್ಲ.