ಹಡಗಿನ ಹುಡುಗನಿಗೆ ಬಂದ ದನಿ

ಗಿಳಿಯ ಬಾಯಿ ಕಟ್ಟಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಬೀಗುವುದು ಬೇಡ. ಅಕ್ಕ ಚಹಾ ಮಾಡಲು ಒಳಗೆ ಹೋದಾಗ ಅವಳ ಲ್ಯಾಪ್‌ಟಾಪಿನಲ್ಲಿ ಆಟದ ಸೆಟ್ಟಿಂಗ್ಸ್ ತೆರೆದೆ. ಸದ್ದು ಏರಿಸಿ ಇಳಿಸಲು ಸಂಗೀತಕ್ಕೊಂದು ಗೆರೆ, ಮಾತಿಗೊಂದು ಗೆರೆ ಇದ್ದವು. ಮಾತಿನ ಗೆರೆಯನ್ನು ಸೊನ್ನೆಗೆ ಎಳೆದೆ. ಅಲೆಗಳ ಸದ್ದು ಉಳಿಯಿತು, ಮನುಷ್ಯರ ದನಿ ಹೋಯಿತು. ಕಾರಣ, ಹೊಟ್ಟೆಕಿಚ್ಚು. ಅದೂ ಯಾರ ಮೇಲೆ? ಕಂಪ್ಯೂಟರಿನೊಳಗಿನ, ಕಡಲೆಕಾಳಿನಷ್ಟು ತಲೆ ಇರುವ ಒಬ್ಬ ಹಡಗಿನ ಹುಡುಗನ ಮೇಲೆ.

ಇದರ ಬೇರು ಗಡಿಯಾಚೆ ತೆಲುಗು ಸೀಮೆಯ ಆದೋನಿಯ ನಮ್ಮ ದೊಡ್ಡಪ್ಪನ ಹತ್ತಿ ದಲ್ಲಾಳಿ ಅಂಗಡಿಯಲ್ಲಿದೆ. ಮಾರ್ಕೆಟ್ಟು ಮುಗಿದ ಮೇಲೆ ಅಲ್ಲಿನ ಕಂಪ್ಯೂಟರ್ ನಮ್ಮದಾಗುತ್ತಿತ್ತು. ದೊಡ್ಡಪ್ಪನ ಮಗಳು, ಅಂದರೆ ಈ ಅಕ್ಕ, ಮೌಸ್ ಹಿಡಿಯುತ್ತಿದ್ದಳು. ಕಳೆದುಹೋದ ಅಣ್ಣನನ್ನು ಹುಡುಕುತ್ತ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಹುಡುಗನ ಆಟ ಅದು. ನಮಗೆ ಸಿಕ್ಕಿದ್ದು ಮೊದಲೆರಡು ಭಾಗಗಳ ಕಳ್ಳ ಸಿಡಿ. ಜಾಗ ಉಳಿಸಲೆಂದು ಯಾವನೋ ಪುಣ್ಯಾತ್ಮ ದನಿಗಳನ್ನೆಲ್ಲ ಕಿತ್ತು ಹಾಕಿದ್ದ. ಪಾತ್ರಗಳು ಸುಮ್ಮನೆ ಬಾಯಿ ಆಡಿಸುತ್ತಿದ್ದವು, ಮೇಲೆ ಇಂಗ್ಲಿಷ್ ಅಕ್ಷರ ಮೂಡುತ್ತಿತ್ತು.

ಆ ಖಾಲಿ ಬಾಯಿಗಳಿಗೆ ನಾನು ಬಾಡಿಗೆಗೆ ಸೇರಿಕೊಂಡೆ. ಕ್ಯಾಪ್ಟನ್ನಿಗೆ ದೊಡ್ಡಪ್ಪನ ದನಿ, ತಕ್ಕಡಿಯ ಮುಂದೆ ನಿಂತು ಗದರುವಾಗಿನದು. ಮಾಟಗಾತಿಗೆ ನಮ್ಮ ತೆಲುಗು ಟೀಚರಮ್ಮನದು. ಹಡಗಿನ ಹುಡುಗನಿಗೆ ನನ್ನದೇ, ತುಸು ಚೆಂದ ಮಾಡಿ. ಕೇಳುವವಳು ಅಜ್ಜಿ. ಕನ್ನಡ ಮಾತಿನ ಹೊಳಗುಂದದ ಕಡೆಯವಳು, ಶೇಂಗಾ ಸುಲಿಯುತ್ತ ಪಕ್ಕದಲ್ಲಿ ಕೂರುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ತೆಲುಗು ಬರುತ್ತದೆ, ಆದರೆ ಬಾರದವಳ ಹಾಗೆ ಇರುತ್ತಾಳೆ.

ಇಂಥ ಆಟಗಳಲ್ಲಿ ಕಂಡದ್ದನ್ನೆಲ್ಲ ಒತ್ತಿ ನೋಡಬೇಕು. ಕೆಲಸಕ್ಕೆ ಬಾರದ್ದನ್ನು ಒತ್ತಿದರೆ ಹುಡುಗ 'ಅದು ನನಗೆ ಬೇಕಾಗಿಲ್ಲ' ಎನ್ನುತ್ತಾನೆ. ತೆಲುಗು ಶಾಲೆಯ ನಾನು ಅದನ್ನು "ಅದು ನನಗ ಅವಸರ ಇಲ್ಲ" ಎಂದೆ. ತೆಲುಗಿನಲ್ಲಿ ಅವಸರ ಎಂದರೆ ಅಗತ್ಯ. ಅಜ್ಜಿಯ ಕನ್ನಡದಲ್ಲಿ ಅವಸರ ಎಂದರೆ ಗಡಿಬಿಡಿ.

"ಹಡಗ ಮುಳುಗಾಕ ಹತ್ತೇತಿ," ಎಂದಳು ಅಜ್ಜಿ. "ಇವಗ ಹಗ್ಗ ಅವಸರ ಇಲ್ಲ, ಬಕೀಟು ಅವಸರ ಇಲ್ಲ. ಮತ್ತ್ಯಾವಾಗ ಅವಸರ ಮಾಡ್ತಾನಂತ?"

"ಬೇಕಾಗಿಲ್ಲ ಅಂತ ಅರ್ಥ, ಅಜ್ಜಿ."

"ಬ್ಯಾಡಾದ್ರ ಬ್ಯಾಡ ಅನ್ನು. ಅವಸರ ಅಂದ್ರ ಅವಸರ. ನಿಮ್ಮ ಸಾಲ್ಯಾಗ ಕನ್ನಡಕ್ಕೂ ತೆಲುಗು ಕಲಿಸ್ಯಾರೇನು?"

ಆ ಅರ್ಥವನ್ನು ಅವಳು ಒಪ್ಪಲೇ ಇಲ್ಲ, ನಾನು ತಿದ್ದಿಕೊಳ್ಳಲೂ ಇಲ್ಲ. ಹುಡುಗನಿಗೆ 'ಅವಸರ ಇಲ್ಲ' ಅಂದರೆ ಸಾಕು, ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಊರಲ್ಲಿ ನಾನು ಯಾರ ದನಿ ಅನುಕರಿಸಿದರೂ ಯಾರಾದರೂ ಒಬ್ಬರಿಗೆ ಸಿಟ್ಟು ಬರುತ್ತದೆ. ಸಿಟ್ಟಿಲ್ಲದ ನಗು ಅದೊಂದೇ, ಅದು ನನ್ನದು ಅಂದುಕೊಂಡಿದ್ದೆ.

ಈಗ ಅಕ್ಕನ ಮನೆ ಕೋಸಗಿಯಲ್ಲಿ. ಮೊನ್ನೆ ತವರಿಗೆ ಬಂದವಳು ಲ್ಯಾಪ್‌ಟಾಪ್ ತೆರೆದು, "ನೋಡೋ, ಹಳೇ ಆಟ ಹೊಸದಾಗಿ ಬಿಟ್ಟಾರ," ಎಂದಳು. ಮೂರೂ ಭಾಗ ಒಂದೇ ಕಟ್ಟಿನಲ್ಲಿ, ಮೂಲ ದನಿಗಳ ಸಮೇತ. "ಮೂರನೇದು ನಾವು ಆಡೇ ಇಲ್ಲಲ್ಲ. ಅಣ್ಣ ಸಿಕ್ಕನೋ ಇಲ್ಲೋ ಅಂತ ಅಜ್ಜಿ ಈಗಲೂ ಕೇಳ್ತಾಳ."

ಹುಡುಗ ಹಡಗಿನ ಮೇಲೆ ಬಂದ, ಬಾಯಿ ತೆರೆದ, ಮಾತಾಡಿದ. ಅಜ್ಜಿಯ ಕೈಯ ಶೇಂಗಾ ಅಲ್ಲೇ ನಿಂತಿತು.

"ಇವಗ ದನಿ ಐತೇನು? ಪಾಪ ಮೂಗ, ಅದಕ್ಕ ನೀ ಅವನ ಪರವಾಗಿ ಮಾತಾಡ್ತಿ ಅಂತ ತಿಳ್ಕಂಡಿದ್ದೆ."

"ದನಿ ಇದ್ರ ಏನಾತು? ಏನಂತಾನ ತಿಳೀತದೇನು ನಿನಗ?"

"ತಿಳೀದಿದ್ರೇನು. ಎಷ್ಟು ಮೆತ್ತಗ ಮಾತಾಡ್ತಾನ. ಮರ್ಯಾದಸ್ಥರ ಮನಿ ಹುಡುಗ."

"ಅಜ್ಜಿ, ಅವನು ಬಕೀಟಿನ ಬಗ್ಗೆ ಮಾತಾಡಾಕ ಹತ್ಯಾನ."

"ಬಕೀಟಿನ ಬಗ್ಗೇನೂ ಮೆತ್ತಗ ಮಾತಾಡ್ತಾನಲ್ಲ."

ಅಂದಿನಿಂದ ನಾನು ಆ ಕಟ್ಟಿನ ದೋಷ ಹುಡುಕುವ ಇನ್‌ಸ್ಪೆಕ್ಟರ್ ಆದೆ. ದೋಷಗಳು ಇದ್ದವು, ಸುಳ್ಳು ಹೇಳಲಾರೆ. ಹಳೆಯ ಚೌಕ ಚಿತ್ರವನ್ನು ಅಗಲ ಪರದೆಗೆ ಎಳೆದು ಕೂರಿಸಿದ್ದರಿಂದ ಹುಡುಗ ಮದುವೆಯ ಮೂರನೇ ಪಂಕ್ತಿಯಲ್ಲೂ ಉಂಡೆದ್ದ ಬೀಗರ ಹಾಗೆ ಅಡ್ಡಡ್ಡ ಹಿಗ್ಗಿದ್ದ. ಹೊಸದಾಗಿ ನುಣುಪು ಮಾಡಿದ ಮುಖಗಳು ಮೇಣದಂತೆ ಹೊಳೆಯುತ್ತಿದ್ದವು. ಎರಡನೆಯ ಭಾಗದಲ್ಲಿ ದನಿ ಬಾಯಿಗಿಂತ ಒಂದು ಮಾತು ಹಿಂದೆ. ಮಾಟಗಾತಿ ಬಾಯಿ ತೆರೆದರೆ ಕ್ಯಾಪ್ಟನ್ ಗುಡುಗುತ್ತಿದ್ದ. ಒಂದೊಂದನ್ನೂ ನಾನು ಅಕ್ಕನಿಗೆ ತೋರಿಸಿದೆ, ಅದರಲ್ಲೂ ಆ ಹಿಗ್ಗಿದ ಚಿತ್ರವನ್ನು ಎಡೆಬಿಡದೆ.

"ಆಟ ಆಡಾಕ ಬಿಡೋ," ಎಂದಳು ಅಕ್ಕ. "ಹೊಟ್ಟಿಕಿಚ್ಚು ಇದ್ರ ಹೊರಗ ಹೋಗಿ ಉರಕೋ."

ಹೊರಗೆ ಹೋಗಲಿಲ್ಲ. ಚಹಾದ ಹೊತ್ತಿಗೆ ಕಾದು, ಮೇಲೆ ಹೇಳಿದ ಕೆಲಸ ಮಾಡಿದೆ. ಅವಳು ಲೋಟ ಹಿಡಿದು ಬಂದಾಗ ಮೂರನೆಯ ಭಾಗದ ಹುಡುಗ ಮೂಗನಾಗಿದ್ದ.

"ಈ ಭಾಗಕ್ಕ ದನೀನೇ ಹಾಕಿಲ್ಲ ನೋಡು," ಎಂದೆ. "ಅರ್ಧಂಬರ್ಧ ಕೆಲಸ." ಅಷ್ಟು ದೋಷ ಕಂಡಿದ್ದ ಅಕ್ಕ ಇದನ್ನೂ ನಂಬಿದಳು. ನಾನು ಗಂಟಲು ಸರಿಮಾಡಿಕೊಂಡೆ.

ಮತ್ತೆ ಕ್ಯಾಪ್ಟನ್ ದೊಡ್ಡಪ್ಪನಾದ. ಹುಡುಗ ಲಂಗರಿಗೂ ಅವಸರ ಇಲ್ಲ ಎಂದ, ದೋಣಿಗೂ ಅವಸರ ಇಲ್ಲ ಎಂದ. ಅಜ್ಜಿ ನಕ್ಕಳು, ಆದರೆ ನಡುನಡುವೆ, "ಆ ಮೆತ್ತನ್ನ ಹುಡುಗ ಎಲ್ಲಿ ಹೋದನೋ," ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತ ಮೊಮ್ಮಗನಿಗೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಬೇಕೇ?

ಕೊನೆಯ ದ್ವೀಪದಲ್ಲಿ ಕಬ್ಬಿಣದ ಬಾಗಿಲು, ಅದರ ಪಕ್ಕ ಬಣ್ಣಬಣ್ಣದ ಹಗ್ಗಗಳು, ಮೇಲೊಂದು ಗಿಳಿ. ಯಾವ ಹಗ್ಗ ಮೊದಲು ಎಳೆಯಬೇಕೆಂದು ಗಿಳಿ ಹೇಳುತ್ತದೆ. ಈ ಗಿಳಿಯ ಮಾತಿಗೆ ಮಾತ್ರ ಪರದೆಯ ಮೇಲೆ ಅಕ್ಷರ ಹಾಕುವುದನ್ನು ಹೊಸ ಕಟ್ಟಿನವರು ಮರೆತಿದ್ದರು. ನನ್ನ ಕಳ್ಳತನಕ್ಕೂ ಅವರ ಸೋಮಾರಿತನಕ್ಕೂ ಆ ಗಿಳಿಯ ಕೊಕ್ಕಿನಲ್ಲಿ ಭೇಟಿಯಾಯಿತು. ಗಿಳಿ ಕೊಕ್ಕು ಆಡಿಸಿತು, ಅಕ್ಷರ ಇಲ್ಲ, ದನಿ ಇಲ್ಲ. ನಾನು ಆಸ್ಪರಿಗೆ ಬೇಗ ಬೇಗ ಜನ ಹತ್ತಿಸುವ ತೆಲುಗು ಬಸ್ಸಿನ ಕಂಡಕ್ಟರನ ದನಿಯಲ್ಲಿ, "ಆಸ್ಪರಿ, ಆಸ್ಪರಿ, ಎಕ್ಕಂಡಿ ತ್ವರಗಾ," ಎಂದು ಕೂಗಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕ ಹಗ್ಗ ಎಳೆದಳು. ಹುಡುಗ ನೀರಿಗೆ ಬಿದ್ದ. ಬೇರೆ ಹಗ್ಗ ಎಳೆದಳು, ಮತ್ತೆ ಬಿದ್ದ. ಬೀಳುತ್ತಲೇ ಇದ್ದ.

"ಅಣ್ಣ ಆ ಬಾಗಿಲ ಹಿಂದ ಅದಾನೇನು?" ಅಜ್ಜಿ ನಗು ನಿಲ್ಲಿಸಿ ಕೇಳಿದಳು.

"ಅದಾನ ಅನ್ಸತೈತಿ," ಎಂದಳು ಅಕ್ಕ. "ಆದ್ರ ಈ ಗಿಳಿ ಏನೂ ಹೇಳವಲ್ದು. ನಾಳೆ ನಾ ಕೋಸಗಿಗೆ ಹೋಗ್ಬೇಕು."

ಗೆರೆಯನ್ನು ಮತ್ತೆ ಮೇಲಕ್ಕೆ ಎಳೆದರೆ ಅಣ್ಣ ಸಿಗುತ್ತಾನೆ, ನಾನು ಹೋಗುತ್ತೇನೆ. ಸುಮ್ಮನಿದ್ದರೆ ನಾನಿರುತ್ತೇನೆ, ಅಜ್ಜಿಗೆ ಅಣ್ಣ ಸಿಗುವುದಿಲ್ಲ. ನಾನು ಏನು ಮಾಡಿದೆ ಗೊತ್ತೇ? "ಎಲ್ಲಾ ಆ ಹಿಗ್ಗಿದ ಚಿತ್ರದ್ದೇ ತಪ್ಪು," ಎಂದೆ.

"ಸರೆ, ಅದನ್ನಾರ ಸರಿ ಮಾಡಾಣು, ನಿನ್ನ ಕಾಟ ತಪ್ಪಲಿ," ಎಂದು ಅಕ್ಕ ಸೆಟ್ಟಿಂಗ್ಸ್ ತೆರೆದಳು. ಚಿತ್ರದ ಗುಂಡಿ ಹುಡುಕುತ್ತ ಕೆಳಗಿಳಿದವಳು ಮಾತಿನ ಗೆರೆಯ ಹತ್ತಿರ ನಿಂತಳು. ನನ್ನನ್ನು ನೋಡಿದಳು. ನಾನು ಶೇಂಗಾ ಸುಲಿಯತೊಡಗಿದೆ, ಜೀವನದಲ್ಲಿ ಮೊದಲ ಸಲ.

ಗೆರೆ ಮೇಲೇರಿತು. ಗಿಳಿ ಕರ್ಕಶವಾಗಿ ಬಣ್ಣಗಳ ಹೆಸರು ಹೇಳಿತು, ಅಕ್ಕ ಹಗ್ಗ ಎಳೆದಳು, ಬಾಗಿಲು ತೆರೆಯಿತು. ಒಳಗೆ ಗಡ್ಡ ಬೆಳೆದ ಅಣ್ಣ. ಹುಡುಗ ತನ್ನ ಮೆತ್ತನೆಯ ದನಿಯಲ್ಲಿ ಏನೋ ಹೇಳಿದ, ಅಣ್ಣ ಅದಕ್ಕಿಂತ ಮೆತ್ತಗೆ ಏನೋ ಹೇಳಿದ. ಅಜ್ಜಿಗೆ ಒಂದಕ್ಷರವೂ ತಿಳಿಯದು ಎಂಬ ಧೈರ್ಯದಿಂದ ನಾನು ಮುಂದೆ ಬಾಗಿ ಬಾಯಿ ತೆರೆದೆ. ಅವಳು ಪರದೆಯಿಂದ ಕಣ್ಣು ಕೀಳದೆ, ಶೇಂಗಾ ಸಿಪ್ಪೆ ಅಂಟಿದ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು. ಆ ಪದವನ್ನು ಅವಳು ನನ್ನ ಅರ್ಥದಲ್ಲಿ ಆಡಿದ್ದು ಅದೊಂದೇ ಸಲ:

"ಸುಮ್ನ ಕುಂದ್ರಪ. ನಿನ್ನ ದನಿ ನನಗೀಗ ಅವಸರ ಇಲ್ಲ."