ಬಾಣಕ್ಕೆ ಕಟ್ಟಿದ ಕೆಂಪು ಚಿಂದಿ

ಇವತ್ತು ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಬಾಣ ಕಾಣಲಿಲ್ಲ. ಮೌಸಿನ ಜೊತೆ ಪರದೆಯ ಮೇಲೆ ಓಡಾಡುತ್ತದಲ್ಲ, ಆ ಪುಟ್ಟ ಬಿಳಿ ಬಾಣ. ರಾಗಿ ಬೀಸುವವಳಂತೆ ಮೌಸನ್ನು ಸುತ್ತಿಸಿದೆ. ಎಲ್ಲೋ ಮಿಂಚಿದಂತಾಗಿ ಮತ್ತೆ ಪರದೆಯಲ್ಲಿ ತೆರೆದಿದ್ದ ಪತ್ರಿಕೆಯ ಬಿಳಿಯಲ್ಲಿ ಮುಳುಗಿಹೋಯಿತು.

ನಿಮಗೆ ನಗು ಬರಬಹುದು. ಬಾಲಕಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಚಪ್ಪಲಿ, ಚೊಂಬು, ಬಾಚಣಿಗೆ, ಪ್ರತಿಯೊಂದಕ್ಕೂ ಒಂದು ಜಾಗ. ಹುಣಸೂರಿನ ಈ ಮನೆಗೆ ಕಂಪ್ಯೂಟರ್ ಬಂದ ಮೇಲೆ, ದಿನಾ ಸಂಜೆ ಆರಿಸುವ ಮುನ್ನ ಬಾಣವನ್ನು ಕೆಳಗಿನ ಮೂಲೆಗೆ ಕೊಂಡೊಯ್ದು ನಿಲ್ಲಿಸುತ್ತಿದ್ದೆ, ಬಾಗಿಲ ಬಳಿ ಚಪ್ಪಲಿ ಬಿಟ್ಟ ಹಾಗೆ. ಬೆಳಿಗ್ಗೆ ತೆರೆದರೆ ಅದು ಪರದೆಯ ನಡುಮನೆಯಲ್ಲಿ ನಿಂತಿರುತ್ತಿತ್ತು. ಮಾತು ಕೇಳದ ಹುಡುಗಿಯರನ್ನು ಬೇಕಾದಷ್ಟು ಕಂಡಿದ್ದೇನೆ. ಇಷ್ಟು ಹಟಮಾರಿಯನ್ನು ಕಂಡಿರಲಿಲ್ಲ. ನಾನೂ ಬಿಡಲಿಲ್ಲ.

ಈಗಿನ ತೊಂದರೆ ಬಾಣದ್ದಲ್ಲ, ನನ್ನ ಕಣ್ಣಿನದು. "ಹೋದದ್ದು ಬರೋಲ್ಲ, ಇರೋದನ್ನ ಉಳಿಸಿಕೊಳ್ಳೋಣ" ಎಂದಿದ್ದಾರೆ ಮೈಸೂರಿನ ಡಾಕ್ಟರು.

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಯಜಮಾನರು, "ಬಾಣ ಹುಡುಕೋದ್ರಲ್ಲೇ ಮದ್ಯಾನ ಆಯ್ತದೆ. ಬುಡು ಕಣೆ, ಪೇಪರು ನಾನೇ ಓದಿ ಹೇಳ್ತೀನಿ" ಎಂದರು.

ಪ್ರೀತಿಯ ಮಾತೇ. ಆದರೆ ಇವತ್ತು ಪೇಪರು, ನಾಳೆ ತಂಗಿಗೆ ನಾನು ಬರೆಯುವ ಕಾಗದ, ಆಮೇಲೆ ಇನ್ನೇನೋ. ಎಲ್ಲವನ್ನೂ ಇನ್ನೊಬ್ಬರ ಬಾಯಿಗೆ, ಕೈಗೆ ಬಿಟ್ಟು ಕೂರುವುದು ನನ್ನಿಂದಾಗದು. ಬಂದ ವಸ್ತು ಬಂದ ಹಾಗೇ ಇರಬೇಕೆಂಬ ನನ್ನ ನಿಯಮವನ್ನು ನಾನೇ ಮುರಿದು, "ಅದಕ್ಕೆ ಬೇರೆ ಬಣ್ಣ ಹಾಕಕ್ಕಾಗುತ್ತಾ ನೋಡಿ" ಎಂದೆ. ಅವರು ಸೆಟ್ಟಿಂಗ್ಸಿನೊಳಗೆ ತಡಕಾಡಿ ಬಾಣವನ್ನು ದಪ್ಪ ಮಾಡಿದರು, ಹಳದಿ ಬಳಿದರು. ನೀಲಿ ಪರದೆಯ ಮೇಲೆ ಅರಿಶಿನದ ಕೊಂಬಿನಂತೆ ಹೊಳೆಯಿತು. ಮತ್ತೆ ಪತ್ರಿಕೆ ತೆರೆದೆ, ಬಿಳಿಯ ಮೇಲೆ ಹಳದಿ ಕರಗಿಹೋಯಿತು.

ಆ ಕರಗಿದ ಹಳದಿಯೊಳಗಿಂದ ಬೆಂದ ಹೊಗೆಸೊಪ್ಪಿನ ಸಿಹಿವಾಸನೆ ಬಂದಂತಾಯಿತು. ಹಿಂದೆಯೇ ಕಟ್ಟೆಮಳಲವಾಡಿಯ ದೊಡ್ಡಮ್ಮ, ಅಮ್ಮನ ಅಕ್ಕ, ನೆನಪಾದಳು.

ಅವಳ ಮನೆಯ ಹೊಲದಂಚಿನಲ್ಲಿ ಬ್ಯಾರನ್ ಇತ್ತು, ಹೊಗೆಸೊಪ್ಪನ್ನು ಒಣ ಕಾವಿನಲ್ಲಿ ಬೇಯಿಸುವ ಎತ್ತರದ ಕೋಣೆ. ಹೆಂಗಸರು ನೆರಳಲ್ಲಿ ಕೂತು ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟುವರು. ಗಂಡಸರು ಅವನ್ನು ಒಳಗೆ ಸಾಲಾಗಿ ತೂಗುಹಾಕಿ ಹೊರಗಿನ ಒಲೆಗೆ ಬೆಂಕಿ ಹಾಕುವರು, ಅದರ ಕಾವು ನೆಲದ ಕೊಳವೆಗಳಲ್ಲಿ ಒಳಗೆ ಹರಿಯುವುದು. ಕಟ್ಟು ಸಡಿಲವಾಗಿ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳಬಹುದು. ಯಾರ ಕಟ್ಟು ಎಂದು ಗೊತ್ತಾಗಲು ಒಬ್ಬೊಬ್ಬಳೂ ತನ್ನ ಕಡ್ಡಿಯ ತುದಿಗೆ ಗುರುತಿನ ಚಿಂದಿ ಕಟ್ಟುತ್ತಿದ್ದಳು.

ದೊಡ್ಡಮ್ಮನ ಕಣ್ಣು ಮಂಜಾಗುತ್ತಿದ್ದ ಕಾಲ. ಹಸಿರೆಲೆಯ ನಡುವೆ ಎದ್ದು ಕಾಣಲೆಂದು ಚಿಂದಿಯನ್ನು ಅರಿಶಿನದಲ್ಲಿ ಅದ್ದಿ ಕಟ್ಟಿದಳು. ಬೆಂದು ಇಳಿಯುವಾಗ ಎಲೆಯೂ ಹಳದಿಯಾಗಿರುತ್ತದೆಂಬುದನ್ನು ಸೊಪ್ಪಿನಲ್ಲೇ ಬಾಳಿದವಳು ಮರೆತುಬಿಟ್ಟಿದ್ದಳು. ಆ ಸಲ ಒಳಗೆ ಒಂದಷ್ಟು ಎಲೆ ಉದುರಿತ್ತು, ಅವಳ ಕಡ್ಡಿ ಯಾವುದೆಂದು ತೋರಿಸಲು ಚಿಂದಿಯೇ ಕಾಣಲಿಲ್ಲ.

"ಕಣ್ ಕಾಣ್ದೋಳ ಕಟ್ಟು, ಇನ್ನೇನಾದದು?" ಎಂದಳು ಅವಳ ಓರಗಿತ್ತಿ. "ನೀನು ಇನ್ಮೇಲೆ ಕೂಸ್ಗಳ ನೋಡ್ಕಂಡು ಅಟ್ಟೀಲೇ ಇರಕ್ಕ."

ದೊಡ್ಡಮ್ಮ ಜಗಳವಾಡಲಿಲ್ಲ. "ಅಳದೀನ ಅಳದೀನೇ ನುಂಗ್ಬುಡ್ತು ಕಣೆ. ಇನ್ನೊಂದ್ ಸಲ ಕಟ್ತೀನಿ. ಉದುರುದ್ರೆ ನೀನೇಳ್ದಂಗೇ ಆಗ್ಲಿ" ಎಂದು ತನ್ನ ಮದುವೆಯ ಕೆಂಪು ರವಿಕೆಯನ್ನು ಹರಿಯತೊಡಗಿದಳು. ರಜೆಗೆ ಹೋಗಿದ್ದ ನಾನು ಇನ್ನೊಂದು ತುದಿ ಹಿಡಿದಿದ್ದೆ. ಬಟ್ಟೆ ಬಿರಿಯುವ ಆ ಸದ್ದು ಈಗಲೂ ಕಿವಿಯಲ್ಲಿದೆ.

ಮುಂದಿನ ಸಲ ಸೊಪ್ಪು ಇಳಿಸಿದಾಗ, ಹೊಂಬಣ್ಣದ ಸಾಲುಗಳ ನಡುವೆ ಅವಳ ಕಡ್ಡಿಗಳು ದಾಸವಾಳ ಮುಡಿದಂತೆ ಬಂದವು. ಒಂದರಿಂದಲೂ ಎಲೆ ಜಾರಿರಲಿಲ್ಲ. ಓರಗಿತ್ತಿ ಸರಿದು ಕೂತು ನೆರಳಲ್ಲಿ ಜಾಗ ಬಿಟ್ಟಳು.

"ಕೆಂಪು ಮಾಡಿ" ಎಂದೆ ಯಜಮಾನರಿಗೆ.

"ಯಾವ ಕೆಂಪು? ಕುಂಕುಮದ್ದೋ, ಇಟ್ಟಿಗೇದೋ?"

"ರವಿಕೇದು."

ಅವರು ನನ್ನ ಮುಖ ನೋಡಿದರು. ಆಮೇಲೆ ಒಂದೊಂದೇ ಬಣ್ಣ ತೋರಿಸುತ್ತಾ ಹೋಗಿ, ನಾನು ಹೂಂ ಅಂದ ಕಡೆ ನಿಂತರು. ಪತ್ರಿಕೆಯನ್ನು ನಾನೇ ಓದಿದೆ, ನಿಧಾನವಾಗಿ, ಕೊನೆಯ ಪುಟದವರೆಗೆ.

ಈಗ ಸಂಜೆ. ಇದನ್ನೂ ನಾನೇ ಟೈಪ್ ಮಾಡಿದ್ದೇನೆ. ಆರಿಸುವ ಹೊತ್ತಾಯಿತು, ಬಾಣವನ್ನು ಮೂಲೆಗೆ ಕೊಂಡೊಯ್ಯಬೇಕೆನಿಸುತ್ತಿಲ್ಲ. ಬಿಳಿ ಪುಟದ ನಡುವೆ ಬಿಟ್ಟಲ್ಲೇ ನಿಂತಿದೆ. ಕಡ್ಡಿಯ ತುದಿಯ ಚಿಂದಿಯಂತೆ ಗಾಳಿಗೆ ಒಂದಿಷ್ಟು ಅಲುಗಿದಂತೆಯೂ ಕಾಣುತ್ತದೆ. ಅಲುಗಲಿ.