ಅಪ್ಪ ಆರಿಸಿದ ಗೇಮ್ ಕನ್ಸೋಲ್

ಟಿ.ವಿ. ಪರದೆಯ ಮೇಲೆ ಕಾರು ಗೋಡೆಗೆ ಗುದ್ದಿತು. ಕಪ್ಪು ಕಂಟ್ರೋಲರ್ ಹಿಡಿದು ನಿಂತಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕ.

ಅಲ್ಲಿಯವರೆಗೆ ಜಮಖಂಡಿಯ ಆ ಅಂಗಡಿಯಲ್ಲಿ ನಾನೂ ಅಣ್ಣನೂ ಜಗಳವಾಡುತ್ತಿದ್ದೆವು. ಎದುರಿಗೆ ಎರಡು ಕಂಪನಿಗಳ ವಿಡಿಯೊ ಗೇಮ್ ಕನ್ಸೋಲ್‌ಗಳನ್ನು ಆಡಿ ನೋಡಲು ಇಟ್ಟಿದ್ದರು. ಚಿತ್ರ ಚೆನ್ನಾಗಿ ಕಾಣುತ್ತದೆಂದು ಅಣ್ಣನಿಗೆ ಕಪ್ಪು ಬಣ್ಣದ್ದು ಬೇಕಿತ್ತು. ನನ್ನ ಗೆಳತಿಯರ ಬಳಿ ಇರುವುದು ಬಿಳಿಯದು, ಹಾಗಾಗಿ ನನಗೆ ಅದೇ ಆಗಬೇಕಿತ್ತು. ಅಪ್ಪನನ್ನು ಯಾರೂ ಕೇಳಿರಲಿಲ್ಲ. ರಬಕವಿಯಲ್ಲಿ ವರ್ಷಗಟ್ಟಲೆ ಪವರ್‌ಲೂಮ್ ಮಗ್ಗಗಳ ಸದ್ದಿನಲ್ಲಿ ದುಡಿದು ಅವನಿಗೆ ಕಿವಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ನಾವು ಮೊಬೈಲಿನಲ್ಲಿ ಆಡಲು ಕೂತರೆ ಎದ್ದು ಹೋಗುತ್ತಿದ್ದ. ಆಟವೆಂದರೆ ಅವನಿಗೆ ಆಗಿಬರುವುದಿಲ್ಲ ಎಂದೇ ತಿಳಿದಿದ್ದೆವು.

ಅಪ್ಪ ಬಿಳಿ ಕಂಟ್ರೋಲರನ್ನೂ ಹಿಡಿದು ಆಡಿಸಿ ನೋಡಿದ. ಅದನ್ನು ಕೆಳಗಿಟ್ಟು, "ಕರೀದ ಇರಲಿ" ಎಂದ.

ನನಗೆ ಸಿಟ್ಟು ಬಂತು. ಮಗ್ಗಗಳ ಸದ್ದಿನಲ್ಲಿ ನಾವು ಮಾತಾಡುವ ಹಾಗೆ ಕೈ ತಿರುವಿ, ಯಾಕೆ ಎಂದು ಸನ್ನೆ ಮಾಡಿದೆ.

"ಗಾಡಿ ಉಸುಕಿನ್ಯಾಗ ಹೊಂಟ್ರ ಇದು ಕೈಯಾಗ ಒಂದ್ ನಮೂನಿ ನಡಗತೈತಿ, ಗ್ವಾಡಿಗೆ ಬಡದ್ರ ಇನ್ನೊಂದ್ ನಮೂನಿ. ಬಿಳೀದು ಎಲ್ಲಾದಕ್ಕೂ ಒಂದ ನಮೂನಿ" ಎಂದು ಅಪ್ಪ ಕಪ್ಪು ಕಂಟ್ರೋಲರನ್ನು ನನ್ನ ಅಂಗೈಗೆ ಒತ್ತಿದ. "ಇದ್ರಾಗ ನನಗೂ ಕೇಳಸತೈತಿ, ಯವ್ವಾ."

ಬಿಳಿಯದು ಅಂಗಡಿಯಲ್ಲೇ ಉಳಿಯಿತು. ಈಗ ಮನೆಯಲ್ಲಿ ಆಟಕ್ಕೆ ಮೂವರೂ ಕೂರುತ್ತೇವೆ. ಆಟ ಸರಿಸಮ ಇರಬೇಕೆಂದು ಅಣ್ಣ ಟಿ.ವಿ.ಯ ಧ್ವನಿಯನ್ನು ಪೂರ್ತಿ ಬಂದ್ ಮಾಡಿಬಿಡುತ್ತಾನೆ. ಸರಿಸಮ ಎಲ್ಲಿ ಬಂತು? ದಿನಾ ಅಪ್ಪನೇ ಗೆಲ್ಲುತ್ತಾನೆ.